ಗುಳಿಗೆಯ ಗುಣ

ಗಾಂಜಾ ಹೋಗಿ ತಟ್ಟುವ ಬಾಗಿಲುಗಳು ಮಿದುಳಿನಲ್ಲಿವೆ. ನಶೆ ಏರಿಸದೆ ಅವೇ ಬಾಗಿಲು ತೆರೆದು ಖಿನ್ನತೆಯನ್ನು ಓಡಿಸುವ ಹೊಸ ಗುಳಿಗೆಯನ್ನು ಡಾಕ್ಟರು ಪರೀಕ್ಷಿಸುತ್ತಿದ್ದರು. ಎರಡು ವರ್ಷದಿಂದ ನಗುವನ್ನೇ ಮರೆತಿದ್ದ ನೀಲವ್ವ, ಗುಳಿಗೆ ಒಯ್ದ ತಿಂಗಳಿಗೆ ನಗುನಗುತ್ತ ಬಂದು ಖಾಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಡಾಕ್ಟರು ಕುಣಿಯುವುದೊಂದೇ ಬಾಕಿ.

"ನಿದ್ದಿ ಬರ್ತದೇನವಾ?"

"ಗಡದ್ದ ಬರ್ತೈತ್ರಿ."

"ಅಳು?"

"ಎಲ್ಲೀ ಅಳು ರೀ! ನಕ್ಕ ನಕ್ಕ ಹೊಟ್ಟಿ ಹುಣ್ಣಾಗೇತ್ರಿ."

ಡಾಕ್ಟರು ಖುಷಿಯಿಂದ ಎಲ್ಲವನ್ನೂ ಬರೆದುಕೊಂಡರು.

"ಗುಳಿಗಿ ಒಂದಿನಾನೂ ತಪ್ಪಿಸಿಲ್ಲ, ಹೌದಲ್ಲವಾ?"

"ಒಂದಿನಾನೂ ತಪ್ಪಿಲ್ರಿ. ಪ್ಯಾಟಿಯಿಂದ ಏನ ತಂದ್ರೂ ನಮ್ಮನ್ಯಾಗ ಮದಲ ಅತ್ತಿ ಕೈಯಾಗ ಕೊಡಬೇಕ್ರಿ. ಗುಳಿಗಿ ಎಲ್ಲಾ ಅವರೇ ನುಂಗಿದ್ರು. ಈಗ ನನಗ ಬೈಯೂದು ಬಿಟ್ಟು ಎಮ್ಮಿಗೆ ಜೋಗುಳ ಹಾಡಾಕತ್ತಾರ್ರೀ!"