ಗಾಲಿಯ ಜ್ವರ

"ಏನ್ ಡಾಕ್ಟ್ರೇ, ಜ್ವರ ಇದೆಯಾ?" ಹೆಡಿ ಎಂದಿನಂತೆ ಗಂಡನನ್ನು ಕೆಣಕಿದಳು. ದೋಣಿ ಹೇರಿದ ಟ್ರೈಲರಿನ ಪಕ್ಕ ಮಂಡಿಯೂರಿದ್ದ ಗೆರ್ನೋಟ್, ಗಾಲಿಯ ನಡುವಿನ ಕಬ್ಬಿಣದ ಮೇಲೆ ಅಂಗೈ ಒತ್ತಿ ಹಿಡಿದಿದ್ದ. "ತಣ್ಣಗಿದೆ ಕಣೇ. ಕಾರು ಹತ್ತು, ಸಂಜೆಯೊಳಗೆ ಕಡಲು ಸೇರೋಣ."

ಪ್ರತಿ ಬೇಸಿಗೆಯಲ್ಲೂ ತಮ್ಮೂರು ಲಿಂಟ್ಸ್‌ನಿಂದ ಕ್ರೊಯೇಷಿಯಾಕ್ಕೆ ದೋಣಿ ಎಳೆದುಕೊಂಡು ಹೋಗುವಾಗ, ನಿಂತಲ್ಲೆಲ್ಲ ಅವನು ಹೀಗೆ ಗಾಲಿ ಮುಟ್ಟಿ ನೋಡುತ್ತಿದ್ದ. ಉಪ್ಪುನೀರು ಕುಡಿದ ಬೇರಿಂಗು ಸವೆದರೆ ಮೊದಲು ಕಬ್ಬಿಣ ಕಾಯುತ್ತದೆ, ಆಮೇಲೆ ಗಾಲಿಯೇ ಕಳಚಿಕೊಳ್ಳುತ್ತದೆ. ಈಗಷ್ಟೇ ಆಲ್ಪ್ಸ್‌ನ ಕಡಿದಾದ ಇಳಿಜಾರು ಮುಗಿಸಿ ನಿಂತಿದ್ದರು. ಹಿಂದಿನ ಸೀಟಿನಲ್ಲಿ ಮೊಮ್ಮಗಳು ಈಜುವ ಟ್ಯೂಬನ್ನು ತಬ್ಬಿಕೊಂಡೇ ನಿದ್ದೆ ಹೋಗಿದ್ದಳು.

ಕಾದ ಗ್ರೀಸಿನ ವಾಸನೆ ಹೆಡಿಯ ಮೂಗಿಗೆ ಬಡಿಯಿತು. ಅದರ ಜೊತೆಗೆ ಇನ್ನೊಂದು ವಾಸನೆ, ಒಲೆಯಲ್ಲಿಟ್ಟ ಹಂದಿಯ ತೊಗಲು ಸೀದಾಗ ಬರುವಂಥದ್ದು. ಬಗ್ಗಿ ಗಾಲಿಗೆ ಬೆರಳು ತಾಗಿಸಿದವಳು ಚೀರಿ ಕೈ ಹಿಂದಕ್ಕೆಳೆದುಕೊಂಡಳು. "ಕೈ ತೆಗಿ! ಗೆರ್ನೋಟ್, ಕೈ ತೆಗಿ!" ಏನಾಯಿತೆಂದು ತಿಳಿಯದೆ ಅವನು ಅವಳನ್ನೇ ನೋಡಿದ. ಕೈ ಎತ್ತಿದಾಗ ಅಂಗೈಯ ಚರ್ಮ ಸ್ವಲ್ಪ ಕಬ್ಬಿಣಕ್ಕೇ ಅಂಟಿಕೊಂಡು ಉಳಿಯಿತು.

"ಯಾವಾಗಿಂದ ಹೀಗೆ?"

"ಚಳಿಗಾಲದಿಂದ. ಸಕ್ಕರೆ ಕಾಯಿಲೆ ನರಕ್ಕೆ ಇಳಿದು ಸ್ಪರ್ಶ ಹೋಗಿದೆಯಂತೆ. ಹೇಳಿದ್ರೆ ನೀನು ಈ ಸಲ ಹೊರಡೋಕೇ ಬಿಡ್ತಿರ್ಲಿಲ್ಲ."

ಬಾಟಲಿಯ ನೀರನ್ನು ಅವನ ಅಂಗೈಗೆ ಸುರಿಯುತ್ತ ಹೆಡಿ ತಾವು ಇಳಿದು ಬಂದ ರಸ್ತೆಯನ್ನು ತಲೆಯೆತ್ತಿ ನೋಡಿದಳು. ಆಮೇಲೆ ಅವನ ಬೂಟುಗಳನ್ನು ನೋಡಿದಳು.

"ಕಾಲು?" ಎಂದಳು. "ಬ್ರೇಕ್ ಒತ್ತೋ ಕಾಲು?"

ಗೆರ್ನೋಟ್ ತಲೆ ತಗ್ಗಿಸಿದ. "ಮೊದಲು ಹೋಗಿದ್ದೇ ಅದು."