ನಲವತ್ತನೆಯ ಅಕ್ಷರ

"ಅಮ್ಮಾ, ನಿಮ್ಮ ನಾಲ್ಕನೇದು ಎಲ್ಲಿ ಹೋಯ್ತು?" ಎಂದು ಫೋನಿನಲ್ಲಿದ್ದ ಹಿರಿಯರು ಕೇಳಿದಾಗ ಅವಳು ರಾಂಗ್ ನಂಬರ್ ಎಂದೇ ಭಾವಿಸಿದಳು. ಅವಳಿಗೆ ಇದ್ದದ್ದು ಇಬ್ಬರೇ ಮಕ್ಕಳು, ಇಬ್ಬರೂ ಆಗ ಶಾಲೆಯಲ್ಲಿದ್ದರು.

ಹಿರಿಯರು ಬ್ರೈಲ್ ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಕಣ್ಣು ಕಾಣದು, ಬೆರಳಿನಲ್ಲೇ ಓದುತ್ತಾರೆ, ತಪ್ಪನ್ನೂ ಬೆರಳಿನಲ್ಲೇ ಹಿಡಿಯುತ್ತಾರೆ. ಅವರು ಕೇಳಿದ್ದು ಅವಳು ಬರೆದ ಪ್ರೋಗ್ರಾಮ್ ಲೈಬ್ರರಿಯ ನಾಲ್ಕನೆಯ ಆವೃತ್ತಿಯನ್ನು. ಬರಹವನ್ನು ಬ್ರೈಲ್ ಚುಕ್ಕಿಗಳಾಗಿಸಿ, ಸಾಲು ಮುರಿದು ಕೊಡುವ ಒಂದು ಸಣ್ಣ ಸಾಫ್ಟ್‌ವೇರ್ ತುಂಡು ಅದು. ಬೇರೆಯವರ ಪ್ರೋಗ್ರಾಮುಗಳು ಬೇಕಾದಾಗ ಅವಳ ವೆಬ್‌ಸೈಟಿನಿಂದ ಇಳಿಸಿಕೊಳ್ಳುತ್ತವೆ. ಈಗ ನಡೆಯುತ್ತಿರುವುದು ಹನ್ನೊಂದನೆಯ ಆವೃತ್ತಿ. ಹೋದ ವಾರ ಸ್ವಚ್ಛತೆಯ ಹುಮ್ಮಸ್ಸು ಬಂದು, ಮೊದಲ ನಾಲ್ಕನ್ನು ಅವಳು ಗುಡಿಸಿ ಎಸೆದಿದ್ದಳು. ಮುದ್ರಣಾಲಯದ ಕಂಪ್ಯೂಟರು ನಿನ್ನೆಯೇ ಸಾಯಬೇಕೆ? ಹೊಸದನ್ನು ತಂದಾಗ ಪ್ರೋಗ್ರಾಮು ನಾಲ್ಕನೆಯದನ್ನು ಹುಡುಕಿ ಕೈಚೆಲ್ಲಿತ್ತು. ರಿಪೇರಿಯವನು ಹಾಗೂ ಹೀಗೂ ಹನ್ನೊಂದನೆಯದನ್ನೇ ತುರುಕಿ ಹೋಗಿದ್ದ.

"ಒಳ್ಳೇದೇ ಆಯ್ತು ಸರ್," ಎಂದಳು. "ನಾಲ್ಕನೇದರಲ್ಲಿ ತಪ್ಪಿತ್ತು. ಸಾಲಿಗೆ ನಲವತ್ತು ಅಕ್ಷರ ಹಿಡಿಸೋ ಕಡೆ ಮೂವತ್ತೊಂಬತ್ತೇ ಹಿಡಿಸ್ತಿತ್ತು. ಈಗ ಸರಿಮಾಡಿದೀನಿ."

"ಅದೇ ಬಂತು ನೋಡಿ ತೊಂದರೆ. ನಮ್ಮ ಮೆಷಿನ್ನು ಬಲತುದೀಲಿ ಸವೆದುಹೋಗಿದೆ, ನಲವತ್ತನೇ ಅಕ್ಷರಕ್ಕೆ ಚುಕ್ಕೀನೇ ಏಳಲ್ಲ. ನಿಮ್ಮ ತಪ್ಪು ಇರೋತನಕ ನಮ್ಮದು ನಮಗೇ ಗೊತ್ತಿರಲಿಲ್ಲ."

ಸಾಲು ಪೂರ್ತಿ ತುಂಬಿದಾಗಲೆಲ್ಲ ಕೊನೆಯ ಅಕ್ಷರ ಮಾಯವಾಗುತ್ತಿತ್ತು. ಗಣಿತದ ಪ್ರಶ್ನೆಪತ್ರಿಕೆಯಲ್ಲಿ ಗಂಟೆಗೆ ಅರವತ್ತು ಕಿಲೋಮೀಟರ್ ಓಡಬೇಕಾದ ರೈಲು ಆರರಲ್ಲಿ ತೆವಳುತ್ತಿದೆ, ಅದರ ಪಕ್ಕದಲ್ಲಿ ತಾವೂ ಆರಾಮಾಗಿ ನಡೆದುಹೋಗಬಹುದು ಎಂದರು ಹಿರಿಯರು. ಆಮೇಲೆ ದನಿ ತಗ್ಗಿಸಿ, ಕಟ್ಟು ನಾಳೆ ಬೆಳಿಗ್ಗೆ ಹೊರಡಬೇಕು, ಅರವತ್ತೆರಡು ಮಕ್ಕಳು ಪರೀಕ್ಷೆಗೆ ಕೂರುತ್ತಾರೆ ಎಂದೂ ಹೇಳಿದರು.

ಅದೇನು ಮಹಾ ಎಂದುಕೊಂಡು ಅವಳು ಹನ್ನೊಂದನೆಯದರಲ್ಲಿ ನಲವತ್ತನ್ನು ಹೊಡೆದು ಮೂವತ್ತೊಂಬತ್ತು ಬರೆದು ಕಳಿಸಿದಳು. ಅರ್ಧ ಗಂಟೆಗೆ ಫೋನು ಮತ್ತೆ ಬಂತು. ರೈಲು ಓಡುತ್ತಿದೆ, ಆದರೆ ಕೂಡುವ ಲೆಕ್ಕಗಳಲ್ಲಿ ಹತ್ತರ ಸ್ಥಾನದ ಕೆಳಗೆ ಬಿಡಿ ಸ್ಥಾನದ ಅಂಕಿ ಬಂದು ಕೂತಿದೆ. ನಾಲ್ಕನೆಯದು ಅಂಕಿಗಳ ಎಡಕ್ಕೆ ಒಂದು ಜಾಗವನ್ನು ಸುಮ್ಮನೆ ಖಾಲಿ ಬಿಡುತ್ತಿತ್ತಂತೆ. ಮುದ್ರಣಾಲಯದ ಪ್ರೋಗ್ರಾಮು ಬರೆದ ಪುಣ್ಯಾತ್ಮ ಅದನ್ನು ತಪ್ಪೆನ್ನದೆ, ತನ್ನ ಕಡೆಯಿಂದ ಒಂದು ಜಾಗ ತೆಗೆದು ಸರಿದೂಗಿಸಿ, ಕೆಲಸ ಬಿಟ್ಟು ಹೋಗಿದ್ದ. ಒಂದು ತಪ್ಪನ್ನು ಎಳೆದರೆ ಇನ್ನೆರಡು ಕೈಹಿಡಿದುಕೊಂಡು ಈಚೆ ಬರುತ್ತಿದ್ದವು. ಬೇಕಾದದ್ದು ನಾಲ್ಕನೆಯದೇ, ಇದ್ದದ್ದು ಇದ್ದ ಹಾಗೆ.

ಅದು ಅವಳ ಕಂಪ್ಯೂಟರಿನಲ್ಲೂ ಇರಲಿಲ್ಲ. ಗುಡಿಸುವಾಗ ಮೂಲೆ ಬಿಡುವವರ ಪೈಕಿಯಲ್ಲ ಅವಳು. ಇದ್ದರೆ ತಮ್ಮನ ಬಳಿ ಇರಬೇಕು. ಸಾಲಿನ ಅಕ್ಷರಗಳನ್ನು ಒಂದೊಂದಾಗಿ ಎಣಿಸಿ ಮೂವತ್ತೊಂಬತ್ತೇ ಎಂದು ಮೊದಲು ಹೇಳಿದವನು ಅವನು. ತಪ್ಪೇ ಇಲ್ಲ, ಎಣಿಸುವುದು ಸುಲಭ, ಬರೆಯುವುದು ಕಷ್ಟ ಎಂದು ಅವಳು ವಾದಿಸಿ, ಹದಿನೈದು ದಿನ ಮಾತು ಬಿಟ್ಟು, ಐದನೆಯ ಆವೃತ್ತಿಯಲ್ಲಿ ಯಾರಿಗೂ ಹೇಳದೆ ತಿದ್ದಿಕೊಂಡಿದ್ದಳು. ಈಗ ಫೋನು ಕೈಗೆತ್ತಿಕೊಂಡು, ಕೆಳಗಿಟ್ಟು, ಅರವತ್ತೆರಡು ಮಕ್ಕಳನ್ನು ನೆನೆದು ಮತ್ತೆ ಎತ್ತಿಕೊಂಡಳು.

"ನಾಲ್ಕನೇದಾ? ಅದರಲ್ಲಿ ತಪ್ಪೇ ಇಲ್ಲ ಅಂದಿದ್ಯಲ್ಲಕ್ಕಾ," ಎಂದ ತಮ್ಮ.

"ಇತ್ತು ಕಣೋ. ಕಳಿಸು ಈಗ."

"ಸಾಲಿಗೆ ಎಷ್ಟಿತ್ತು?"

"ಮೂವತ್ತೊಂಬತ್ತು."

ಎರಡೇ ನಿಮಿಷದಲ್ಲಿ ಬಂತು. 'ಸಾಕ್ಷಿ' ಎಂಬ ಹೆಸರಿನ ಫೋಲ್ಡರು. ಒಂದು, ಎರಡು, ಮೂರನೆಯವೂ ಅದರೊಳಗೆ ಜೋಪಾನವಾಗಿದ್ದವು. ಹಲ್ಲು ಕಚ್ಚಿಕೊಂಡು ನಾಲ್ಕನ್ನೂ ಮೊದಲಿದ್ದ ಜಾಗಕ್ಕೆ ಏರಿಸಿ, ಕೆಳಗೆ ಒಂದು ಸಾಲು ಬರೆದಳು: 'ಹಳೆಯವು ಇಲ್ಲೇ ಇರುತ್ತವೆ, ತಪ್ಪುಗಳ ಸಮೇತ.' ಸಂಜೆ ಹಿರಿಯರು ಫೋನು ಮಾಡಿ, ರೈಲು ಅರವತ್ತರಲ್ಲಿದೆ, ಹತ್ತು ಹತ್ತರ ಕೆಳಗಿದೆ ಎಂದಷ್ಟೇ ಹೇಳಿ ಇಟ್ಟರು.

ಪರೀಕ್ಷೆ ಮುಗಿದ ಮೇಲೆ, ಮಿಕ್ಕಿದ್ದ ಒಂದು ಪ್ರಶ್ನೆಪತ್ರಿಕೆ ಅಂಚೆಯಲ್ಲಿ ಬಂತು. ಇಷ್ಟು ವರ್ಷ ಬ್ರೈಲ್‌ಗಾಗಿ ಬರೆದರೂ ಅವಳು ಅದನ್ನು ಮುಟ್ಟಿ ನೋಡಿರಲಿಲ್ಲ. ಕಣ್ಣು ಮುಚ್ಚಿ ಮೊದಲ ಸಾಲಿನ ಮೇಲೆ ಬೆರಳಾಡಿಸಿದಳು. ಏನೂ ತಿಳಿಯಲಿಲ್ಲ. ಎರಡನೆಯದೂ ಅಷ್ಟೇ. ಬೆರಳು ಬಲತುದಿಗೆ ಜಾರಿತು: ಎಷ್ಟೇ ಉದ್ದದ ಸಾಲಾದರೂ ನಲವತ್ತನೆಯ ಅಕ್ಷರದ ಜಾಗಕ್ಕೆ ಮೊದಲೇ ನಿಂತಿತ್ತು, ಆಮೇಲೆ ಕಾಗದ ನುಣ್ಣಗಿತ್ತು. ಅಷ್ಟನ್ನು ಮಾತ್ರ ಅವಳು ತಡವರಿಸದೆ ಓದಿದಳು.