ಸದ್ದಿನ ದಂಡ

ನಗರಸಭೆಯವನು ಗಲಾಟೆಯ ದಂಡದ ಚೀಟಿ ಹರಿದು ಚಾಚಿದಾಗ, ಹೊಲಿಗೆಯವಳು ಬ್ಯಾಂಡೇಜು ಸುತ್ತಿದ ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿ ಎಡಗೈ ಮುಂದೆ ಮಾಡಿದಳು. "ಮಿಷನ್ ಸದ್ದಾ ಸಾರ್? ಕತ್ತಲಾಗೋದ್ರೊಳಗೆ ನಿಲ್ಲಿಸ್ಬಿಡ್ತೀನಲ್ಲಾ."

"ಮಿಷನ್ ಅಲ್ಲಮ್ಮಾ, ಕಿರುಚಾಟ. ರಾತ್ರಿ ಹೊತ್ತು ಈ ಮನೇಲಿ ಹೆಂಗಸು ಕಿರುಚ್ತಾಳೆ, ನಿದ್ದೆ ಹಾಳು ಅಂತ ಪಕ್ಕದ ಮನೆಯೋರು ಮತ್ತೆ ಮತ್ತೆ ದೂರು ಕೊಟ್ಟಿದ್ದಾರೆ. ಮನೆ ನಿಮ್ಮ ಹೆಸರಲ್ಲಿದೆ, ದಂಡಾನೂ ನಿಮಗೇ."

"ಇಸ್ಕೊಂಡು ಬಾಗಿಲು ಹಾಕೇ, ಮಾನ ಕಳೀಬೇಡ," ಎಂದ ಒಳಗೆ ಚಹಾ ಹೀರುತ್ತಿದ್ದ ಗಂಡ. ಕೈ ತಿರುಚಿದವನು ಅವನೇ. ಅವಳು ತಿರುಗಿಯೂ ನೋಡಲಿಲ್ಲ. ಗೋಡೆ ದಪ್ಪಗಿದೆ, ಪಾಪ ಯಾರಿಗೂ ಕೇಳಿಸುವುದಿಲ್ಲ, ಕೇಳಿಸಿದ್ದರೆ ಓಡಿ ಬರುತ್ತಿದ್ದರು ಎಂದೇ ಇಷ್ಟು ವರ್ಷ ನಂಬಿದ್ದಳು. ನಿನ್ನೆ ತಾನೇ ಅಳತೆ ಕೊಡಲು ಬಂದ ಪಕ್ಕದ ಮನೆಯ ಅಕ್ಕ "ಕೈಗೇನಾಯ್ತೇ?" ಎಂದು ಲೊಚಗುಟ್ಟಿದ್ದಳು. ಇವಳು "ಜಾರಿ ಬಿದ್ದೆ" ಎಂದಿದ್ದಳು. ಅಕ್ಕ ತಲೆಯಾಡಿಸಿದ್ದಳು.

"ಹಾಗಾದ್ರೆ ಕೇಳಿಸ್ತಿತ್ತು," ಎಂದಳು ಹೊಲಿಗೆಯವಳು.

"ಒಂದೊಂದು ಮಾತೂ ಕೇಳಿಸುತ್ತಂತೆ," ಎಂದ ನಗರಸಭೆಯವನು.

ಅವಳು ಚೀಟಿಯನ್ನು ಮುದ್ದೆ ಮಾಡಿ ಬಿಸಾಕಿ, ಅವನನ್ನು ದಾಟಿ ಪಕ್ಕದ ಮನೆಗೆ ನಡೆದಳು. ಆ ಬ್ಯಾಂಡೇಜಿನ ಕೈಯಿಂದಲೇ ಬಾಗಿಲು ಬಡಿದಳು. ನೋವಿಗೆ ಕಣ್ಣು ಕತ್ತಲಿಟ್ಟರೂ ಬಿಡಲಿಲ್ಲ. ಒಳಗೆ ಟೀವಿಯ ಸದ್ದು ತಟ್ಟನೆ ನಿಂತಿತು. ಚಿಲಕ ಮಾತ್ರ ಅಲುಗಲಿಲ್ಲ.

"ನಿನ್ನ ನಿದ್ದೆ ಕೆಡಿಸ್ತಿಲ್ಲ ಅಕ್ಕಾ, ಹಾಡಹಗಲಲ್ಲೇ ಕಿರುಚ್ತಿದ್ದೀನಿ! ಈಗ್ಲಾದ್ರೂ ಬಾಗಿಲು ತೆಗಿ!"